‘ಸ್ಲಿಪ್’ ಅನ್ನೋ ಪದಾನ ಬೇರು ಸಮೇತ ಕಲಿಯೋದು ಹೇಗೆ: ಅರ್ಥ, ಬಳಕೆ, ವ್ಯತ್ಯಾಸ ಎಲ್ಲಾ ಸೇರಿಸಿ ಸಮಗ್ರ ಮಾರ್ಗದರ್ಶಿ

ಸ್ಲಿಪ್ ಅಂದ್ರೆ ಜಾರೋದು, ಇಷ್ಟು ಎಲ್ರಿಗೂ ಗೊತ್ತು, ಕನ್ನಡದಲ್ಲೇ ಮಾತಾಡೋವಾಗ್ಲೂ "ಸ್ಲಿಪ್ ಆಗಿ ಬಿದ್ದೆ" ಅಂತೀವಿ. ಆದ್ರೆ ಅದೇ ಪದ "ಇಟ್ ಸ್ಲಿಪ್ಟ್ ಮೈ ಮೈಂಡ್" ಅಂತ ಬಂದಾಗ, "ಶೀ ಸ್ಲಿಪ್ಟ್ ಹಿಮ್ ಎ ನೋಟ್" ಅಂತ ಬಂದಾಗ, "ಸ್ಟ್ಯಾಂಡರ್ಡ್ಸ್ ಆರ್ ಸ್ಲಿಪ್ಪಿಂಗ್" ಅಂತ ಪೇಪರಲ್ಲಿ ಬಂದಾಗ, ಜಾರೋದು ಅನ್ನೋ ಒಂದೇ ಅರ್ಥ ಹಿಡ್ಕೊಂಡು ಕೂತ್ರೆ ಅರ್ಧ ಅರ್ಥ ಆಗತ್ತೆ ಅರ್ಧ ಆಗಲ್ಲ. ಡಿಕ್ಷನರಿ ತೆಗೆದ್ರೆ ಒಂದು ಪುಟ ತುಂಬ ಅರ್ಥ ಇರತ್ತೆ, ಅದನ್ನ ಬಾಯಿಪಾಠ ಮಾಡೋದು ಪೂರ್ತಿ ವೇಸ್ಟ್ ಅಂತ ನನ್ನ ಗಟ್ಟಿ ಅಭಿಪ್ರಾಯ. ಯಾಕಂದ್ರೆ ಆ ಅರ್ಥಗಳೆಲ್ಲ ಬೇರೆ ಬೇರೆ ಅಲ್ಲ, ಮುಕ್ಕಾಲು ಪಾಲು ಒಂದೇ ಬೇರಿಂದ ಹೊರಟಿರೋದು. ಆ ಬೇರು ಸಿಕ್ರೆ ಯಾವತ್ತೂ ನೋಡಿರದ ವಾಕ್ಯ ಬಂದ್ರೂ ಅರ್ಥ ಊಹಿಸಬಹುದು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೀತಿದೀನಿ, ಸ್ವಲ್ಪ ಉದ್ದ ಇದೆ, ನಿಧಾನಕ್ಕೆ ಓದಿ.

ಹಂತ 1: ಮೊದ್ಲು ಪದದ ಗುಣ ಹಿಡೀರಿ

ಸ್ಲಿಪ್ ಆಗೋದ್ರಲ್ಲಿ ಏನೇನಿದೆ ನೋಡಿ. ಒಂದು, ಹಿಡಿತ ತಪ್ಪತ್ತೆ. ಕಾಲಿಗೆ ನೆಲದ ಮೇಲಿನ ಹಿಡಿತ, ಕೈಗೆ ಲೋಟದ ಮೇಲಿನ ಹಿಡಿತ, ಮನಸ್ಸಿಗೆ ನೆನಪಿನ ಮೇಲಿನ ಹಿಡಿತ, ಬಾಯಿಗೆ ಮಾತಿನ ಮೇಲಿನ ಹಿಡಿತ. ಇನ್ನೊಂದು, ಅದು ಥಟ್ ಅಂತ ಸಲೀಸಾಗಿ ಆಗೋಗತ್ತೆ, ಎಳೆದಾಟ ತಳ್ಳಾಟ ಏನೂ ಇರಲ್ಲ. ಮತ್ತೊಂದು, ಯಾರ ಗಮನಕ್ಕೂ ಬರಲ್ಲ, ಬಂದ್ರೂ ಆದ್ಮೇಲೆ ಬರತ್ತೆ.

ಪ್ರತಿ ಬಳಕೆಲೂ ಈ ಮೂರೂ ಇರ್ಬೇಕು ಅಂತೇನಿಲ್ಲ, ಒಂದೊಂದ್ಕಡೆ ಒಂದೊಂದು ಗುಣ ಮುಂದೆ ಬರತ್ತೆ. ಬಿದ್ದೆ ಅನ್ನೋವಾಗ ಹಿಡಿತ ತಪ್ಪಿದ್ದು ಮುಖ್ಯ. ಮೀಟಿಂಗ್‌ನಿಂದ ಮೆಲ್ಲಗೆ ಎದ್ದು ಹೋದ ಅನ್ನೋಕೆ "ಹೀ ಸ್ಲಿಪ್ಟ್ ಔಟ್ ಆಫ್ ದ ರೂಮ್" ಅಂದಾಗ ಅಲ್ಲಿ ಯಾರೂ ಜಾರಿಲ್ಲ ಬಿದ್ದಿಲ್ಲ, ಯಾರಿಗೂ ಗೊತ್ತಾಗದ ಹಾಗೆ ಅನ್ನೋ ಗುಣ ಮಾತ್ರ ಇದೆ. ಜಾಕೆಟ್ ಹಾಕ್ಕೊಂಡೆ ಅನ್ನೋಕೆ "ಐ ಸ್ಲಿಪ್ಟ್ ಆನ್ ಎ ಜಾಕೆಟ್" ಅಂದ್ರೆ ಸಲೀಸು ಅನ್ನೋ ಗುಣ. ಹೊಸ ವಾಕ್ಯ ಕಂಡಾಗ ಈ ಮೂರ್ರಲ್ಲಿ ಯಾವುದು ಅಂತ ಕೇಳ್ಕೊಳಿ, ಉತ್ತರ ಬೇಗ ಸಿಗತ್ತೆ.

ಕನ್ನಡದವ್ರಿಗೆ ಇದು ಸುಲಭ ಆಗ್ಬೇಕು ಯಾಕಂದ್ರೆ ನಮ್ಮ ‘ಜಾರು’ ಕೂಡ ಇದೇ ದಾರಿ ಹಿಡಿದಿದೆ. ಕಾಲು ಜಾರಿದ್ರೆ ಬೀಳೋದು, ಬಾಯಿ ಜಾರಿದ್ರೆ ಹೇಳಬಾರದ್ದು ಹೇಳೋದು, ಕೆಲಸ ಅಂದ ತಕ್ಷಣ ಜಾರ್ಕೊಳೋದು ಅಂದ್ರೆ ತಪ್ಪಿಸ್ಕೊಳೋದು, ನಿದ್ದೆಗೆ ಜಾರೋದು, ಕೈ ಜಾರಿದ ಅವಕಾಶ. ಈ ಎಲ್ಲಾ ಕಡೆ ಇಂಗ್ಲಿಷಲ್ಲಿ ಸ್ಲಿಪ್ ಬಳಸಬಹುದು. ಬರೀ ಜಾರು ಸಾಕಾಗದ ಕಡೆ ನುಸುಳು, ನುಣುಚಿಕೊ, ತಪ್ಪು, ಮೆಲ್ಲಗೆ ಸೇರಿಸು ಈ ನಾಲ್ಕನ್ನ ಜೊತೆಗಿಟ್ಕೊಳಿ.

ಒಂದು ಎಚ್ಚರಿಕೆ ಮಾತ್ರ. ಒಂದೇ ಸ್ಪೆಲ್ಲಿಂಗ್ ಅಡಿ ಮೂರು ಬೇರೆ ಬೇರೆ ಪದಗಳು ಕೂತಿವೆ. ಜಾರೋ ಸ್ಲಿಪ್ ಬಂದಿದ್ದು ಹಳೇ ಜರ್ಮನ್ ಕಡೆಯ ಜಾರು ಅನ್ನೋ ಅರ್ಥದ ಪದದಿಂದ. ಕಾಗದದ ಚೀಟಿ ಅನ್ನೋ ಸ್ಲಿಪ್ ಬಂದಿದ್ದು ಕತ್ತರಿಸು, ಪಟ್ಟಿ ಅನ್ನೋ ಅರ್ಥದ ಬೇರೊಂದು ಪದದಿಂದ. ಕುಂಬಾರಿಕೆಲಿ ಬಳಸೋ ತೆಳು ಮಣ್ಣಿನ ಸ್ಲಿಪ್ ಲೋಳೆ ಅನ್ನೋ ಅರ್ಥದ ಪದಗಳ ನೆಂಟ. ಹಾಗಾಗಿ ಚೀಟಿಗೂ ಜಾರೋದಕ್ಕೂ ಏನು ಸಂಬಂಧ ಅಂತ ತಲೆ ಕೆಡಿಸ್ಕೋಬೇಡಿ.

ಹಂತ 2: ಬಾಯಲ್ಲಿ ಸರಿಯಾಗಿ ಬರ್ಲಿ

ಇದು ಸಣ್ಣದು ಅನ್ಸತ್ತೆ ಆದ್ರೆ ಇಲ್ಲೇ ಗೊಂದಲ ಜಾಸ್ತಿ. ಸ್ಲಿಪ್ ಅಂದ್ರೆ ಹ್ರಸ್ವ ಇ. ಎಳೆದ್ರೆ ಸ್ಲೀಪ್, ಅಂದ್ರೆ ನಿದ್ದೆ. ನಮ್ಗೆ ಹ್ರಸ್ವ ದೀರ್ಘ ಕಿವಿಗೆ ಚೆನ್ನಾಗೇ ಗೊತ್ತಿರೋದ್ರಿಂದ ಇದು ಕಷ್ಟ ಅಲ್ಲ.

ಭೂತಕಾಲದಲ್ಲಿ ಸ್ಪೆಲ್ಲಿಂಗ್ ನೋಡಿ "ಸ್ಲಿಪ್ಪೆಡ್" ಅಂತ ಓದೋರು ತುಂಬ ಜನ. ಬರೆಯೋವಾಗ ಕೊನೇಲಿ ಇ, ಡಿ ಇದ್ರೂ ಹೇಳೋವಾಗ ‘ಟ್’ ಸದ್ದು ಬರತ್ತೆ, ಸ್ಲಿಪ್ಟ್. ಪಿ ಸದ್ದಿನ ಹಿಂದೆ ಬರೋ ಇಡಿ ಯಾವಾಗ್ಲೂ ಹಾಗೇ, ಸ್ಟಾಪ್ಟ್, ಜಂಪ್ಟ್, ಹೆಲ್ಪ್ಟ್. ಇನ್ನು ಮಲಗಿದ್ದೆ ಅನ್ನೋಕೆ ಸ್ಲೆಪ್ಟ್, ಜಾರಿದೆ ಅನ್ನೋಕೆ ಸ್ಲಿಪ್ಟ್, ಎರಡಕ್ಕೂ ಒಂದೇ ಒಂದು ಸ್ವರದ ವ್ಯತ್ಯಾಸ, "ಐ ಸ್ಲೆಪ್ಟ್ ಇನ್ ದ ಬಾತ್‌ರೂಮ್" ಅಂದ್ಬಿಟ್ರೆ ಕೇಳಿದವ್ರಿಗೆ ನೀವು ಬಾತ್‌ರೂಮಲ್ಲಿ ಮಲಗಿದ್ರಿ ಅಂತ ಅರ್ಥ ಆಗತ್ತೆ.

ಬರೆಯೋವಾಗ ಸ್ಲಿಪ್ಟ್, ಸ್ಲಿಪ್ಪಿಂಗ್, ಸ್ಲಿಪ್ಪರಿ ಮೂರಕ್ಕೂ ಎರಡು ಪಿ ಹಾಕ್ಬೇಕು. ಆದ್ರೆ ಇಂಗ್ಲಿಷ್ ಬಾಯಲ್ಲಿ ಒತ್ತಕ್ಷರ ಇರಲ್ಲ, ಕಣ್ಣಿಗೆ ಎರಡು ಪಿ ಕಂಡ್ರೂ ಕಿವಿಗೆ ಸ್ಲಿಪಿಂಗ್, ಸ್ಲಿಪರಿ ಅಂತ ಹಗುರವಾಗಿ ಕೇಳತ್ತೆ. ಕನ್ನಡದಲ್ಲಿ ಒತ್ತು ಕೊಟ್ಟೇ ಬರೆದು ರೂಢಿ ಆಗಿರೋದ್ರಿಂದ ನಾನೂ ಇಲ್ಲಿ ಹಾಗೇ ಬರೀತೀನಿ.

ಹಂತ 3: ಜಾರ್ತಿರೋದು ಯಾರು ಅಂತ ಕೇಳಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಕೊಳೋದಾದ್ರೆ ಇದನ್ನ ಇಟ್ಕೊಳಿ.

ಕನ್ನಡದಲ್ಲಿ ಎರಡು ಬೇರೆ ಕ್ರಿಯಾಪದ ಇದೆ. ತಾನಾಗೇ ಆದ್ರೆ ‘ಜಾರು’, ಬೇಕಂತ ಮಾಡಿದ್ರೆ ‘ಜಾರಿಸು’. ಲೋಟ ಜಾರ್ತು, ನಾನು ಲೋಟಾನ ಮೇಜಿನ ಮೇಲೆ ಜಾರಿಸ್ದೆ. ಒಂದು ‘ಇಸು’ ಸೇರಿಸಿದ್ರೆ ಯಾರ ಕೆಲಸ ಅಂತ ಗೊತ್ತಾಗೋಗತ್ತೆ. ಇಂಗ್ಲಿಷಲ್ಲಿ ಈ ‘ಇಸು’ ಇಲ್ಲ, ಎರಡಕ್ಕೂ ಸ್ಲಿಪ್ ಒಂದೇ. ಹಾಗಾದ್ರೆ ವ್ಯತ್ಯಾಸ ಎಲ್ಲಿ ಗೊತ್ತಾಗತ್ತೆ? ಪದಗಳು ನಿಂತಿರೋ ಜಾಗದಲ್ಲಿ.

"ದ ಗ್ಲಾಸ್ ಸ್ಲಿಪ್ಟ್ ಫ್ರಮ್ ಮೈ ಹ್ಯಾಂಡ್". ಗ್ಲಾಸ್ ಮೊದಲಲ್ಲಿದೆ, ಅದೇ ಜಾರಿದ್ದು, ನನ್ನ ತಪ್ಪು ಏನಿಲ್ಲ ಅಥವಾ ಇದ್ರೂ ಅದು ಉದ್ದೇಶಪೂರ್ವಕ ಅಲ್ಲ. ಇದನ್ನೇ "ಐ ಸ್ಲಿಪ್ಟ್ ದ ಗ್ಲಾಸ್" ಅಂತ ಹೇಳಿದ್ರೆ ಕೈ ಜಾರಿ ಬಿತ್ತು ಅನ್ನೋ ಅರ್ಥ ಬರೋದೇ ಇಲ್ಲ, ನಾನೇ ಮೆಲ್ಲಗೆ ಗ್ಲಾಸನ್ನ ಎಲ್ಲೋ ಸೇರಿಸಿದೆ ಅನ್ನೋ ಅರ್ಥ ಬರತ್ತೆ, "ಐ ಸ್ಲಿಪ್ಟ್ ದ ಗ್ಲಾಸ್ ಇನ್‌ಟು ಮೈ ಬ್ಯಾಗ್" ಅಂದ್ರೆ ಯಾರೂ ನೋಡದ ಹಾಗೆ ಬ್ಯಾಗಿಗೆ ಹಾಕ್ಕೊಂಡೆ ಅಂತ! ಒಂದು ಆಕಸ್ಮಿಕ, ಇನ್ನೊಂದು ಕದ್ದ ಹಾಗೆ. ಕೈ ತಪ್ಪಿ ಬೀಳಿಸ್ದೆ ಅಂತ ‘ಐ’ ಇಂದಾನೇ ಶುರು ಮಾಡ್ಬೇಕು ಅಂದ್ರೆ ಅದಕ್ಕೆ ಡ್ರಾಪ್ಟ್ ಇದೆ, ಅದನ್ನ ಬಳಸಿ.

ಮರೆವಿನ ವಾಕ್ಯಾನೂ ಹೀಗೇ. "ನಂಗೆ ಮರ್ತೋಯ್ತು" ಅಂತೀವಲ್ಲ, ಅಲ್ಲಿ ನಾನು ಮರೆತೆ ಅಂತ ಹೇಳ್ತಿಲ್ಲ, ಅದು ತಾನಾಗೇ ಮರ್ತೋಯ್ತು ಅಂತಿದೀವಿ, ತಪ್ಪಿನ ಭಾರ ಸ್ವಲ್ಪ ಕಮ್ಮಿ ಆಗತ್ತೆ. "ಇಟ್ ಸ್ಲಿಪ್ಟ್ ಮೈ ಮೈಂಡ್" ಅದರದ್ದೇ ಜೋಡಿ. "ಐ ಫರ್ಗಾಟ್" ಅಂದ್ರೆ ನೇರ, ಇದು ಮೃದು. "ಐ ಸ್ಲಿಪ್ಟ್ ಮೈ ಮೈಂಡ್" ಅಂತ ಯಾವತ್ತೂ ಹೇಳ್ಬೇಡಿ, ಅಂಥದ್ದೊಂದು ವಾಕ್ಯವೇ ಇಲ್ಲ. ಜಾರಿದ್ದು ವಿಷಯ, ಹಾಗಾಗಿ ಆ ವಿಷಯವೇ ಮೊದಲಲ್ಲಿ ನಿಲ್ಬೇಕು.

ಬೇಕಂತ ಮಾಡೋ ಸ್ಲಿಪ್‌ಗೆ ಇನ್ನೊಂದು ವಿನ್ಯಾಸ ಇದೆ, ಯಾರಿಗೋ ಏನನ್ನೋ ಗುಟ್ಟಾಗಿ ಕೊಡೋದು. "ಶೀ ಸ್ಲಿಪ್ಟ್ ಹಿಮ್ ಎ ನೋಟ್" ಅಂದ್ರೆ ಅವಳು ಅವನ ಕೈಗೆ ಮೆಲ್ಲಗೆ ಚೀಟಿ ಇಟ್ಟಳು. "ಗೇವ್" ಅಂದಿದ್ರೆ ಬರೀ ಕೊಟ್ಟಳು ಅಷ್ಟೇ, ಸ್ಲಿಪ್ಟ್ ಅಂದ ತಕ್ಷಣ ಪಕ್ಕದವ್ರಿಗೆ ಗೊತ್ತಾಗಬಾರದು ಅನ್ನೋ ಚಿತ್ರ ಬಂದುಬಿಡತ್ತೆ. ಕಥೆ ಬರೆಯೋರಿಗೆ ಇದು ಬಹಳ ಉಪಯೋಗಕ್ಕೆ ಬರೋ ಪದ.

ಹಂತ 4: ಹಿಂದೆ ಬರೋ ಪುಟ್ಟ ಪದಗಳು

ಆನ್, ಆಫ್, ಇನ್‌ಟು, ಔಟ್, ಅವೇ, ಬೈ, ಥ್ರೂ, ಅಪ್. ಇವು ಸೇರಿದಾಗ ಅರ್ಥ ತಿರುಗತ್ತೆ.

ಆನ್ ಅಲ್ಲಿ ಎರಡು ತದ್ವಿರುದ್ಧ ಬಳಕೆ ಇದೆ, ಇದನ್ನ ಬಿಡಿಸಿ ನೋಡಿ. "ಐ ಸ್ಲಿಪ್ಟ್ ಆನ್ ದ ವೆಟ್ ಫ್ಲೋರ್", ಒದ್ದೆ ನೆಲದ ಮೇಲೆ ಜಾರಿದೆ. "ಐ ಸ್ಲಿಪ್ಟ್ ಆನ್ ಮೈ ಶೂಸ್", ಶೂ ಸರಕ್ ಅಂತ ಹಾಕ್ಕೊಂಡೆ. ಎರಡೂ ಒಂದೇ ಥರ ಕಾಣ್ಸತ್ತೆ, ಹೇಗೆ ಗುರುತಿಸೋದು? ಆನ್ ಅನ್ನ ಎತ್ತಿ ಕೊನೆಗೆ ಹಾಕಿ ನೋಡಿ. "ಐ ಸ್ಲಿಪ್ಟ್ ಮೈ ಶೂಸ್ ಆನ್" ಸರಿ ಹೋಗತ್ತೆ, ಹಾಗಾಗಿ ಅದು ಹಾಕ್ಕೊಳೋದು. "ಐ ಸ್ಲಿಪ್ಟ್ ದ ಫ್ಲೋರ್ ಆನ್" ಅಂದ್ರೆ ಅರ್ಥವೇ ಇಲ್ಲ, ಹಾಗಾಗಿ ಅದು ಜಾರೋದು. ಲೇಸ್ ಕಟ್ಟೋ ರಗಳೆ ಇಲ್ದಿರೋ ಶೂಗೆ ಸ್ಲಿಪ್ ಆನ್ ಅಂತ ಹೆಸರು ಬಂದಿದ್ದು ಇಲ್ಲಿಂದಾನೇ. ಬಿಚ್ಚೋದಕ್ಕೆ ಸ್ಲಿಪ್ ಆಫ್. ಬಟ್ಟೆ ಬದಲಾಯಿಸ್ಕೊಂಡು ಇನ್ನೊಂದು ಹಾಕ್ಕೊಳೋದಕ್ಕೆ ಸ್ಲಿಪ್ ಇನ್‌ಟು.

ಇನ್‌ಟು ಬಟ್ಟೆಗೆ ಮಾತ್ರ ಅಲ್ಲ, ಸ್ಥಿತಿ ಬದಲಾಗೋದಕ್ಕೂ ಬರತ್ತೆ. "ಸ್ಲಿಪ್ಟ್ ಇನ್‌ಟು ಎ ಕೋಮಾ" ಕೋಮಾಕ್ಕೆ ಜಾರಿದ್ರು, "ಸ್ಲಿಪ್ಟ್ ಇನ್‌ಟು ಡೆಟ್" ಗೊತ್ತಾಗ್ದೆ ಸಾಲಕ್ಕೆ ಬಿದ್ರು. ಗಮನಿಸಿ, ಹೀಗೆ ಸ್ಥಿತಿಗಳ ಜೊತೆ ಬಂದಾಗ ಹೆಚ್ಚಾಗಿ ಕೆಳಗಿಳಿಯೋ ದಿಕ್ಕೇ ಇರತ್ತೆ. ಯಾರೂ "ಸ್ಲಿಪ್ಟ್ ಇನ್‌ಟು ಸಕ್ಸಸ್" ಅನ್ನಲ್ಲ. ಬಿಟ್ಟಿದ್ದ ಚಟ ಮತ್ತೆ ಶುರು ಆದ್ರೆ ಸ್ಲಿಪ್ ಬ್ಯಾಕ್.

ಔಟ್ ಅಂದ್ರೆ ಮೆಲ್ಲಗೆ ಹೊರಗೆ ಹೋಗೋದು, ಮಾತಿನ ವಿಷಯ ಆದ್ರೆ ಬಾಯಿ ತಪ್ಪಿ ಬರೋದು, "ಸಾರಿ, ಇಟ್ ಜಸ್ಟ್ ಸ್ಲಿಪ್ಟ್ ಔಟ್". ಅವೇ ಅಂದ್ರೆ ಯಾರಿಗೂ ಹೇಳ್ದೆ ಜಾಗ ಖಾಲಿ ಮಾಡೋದು, ಅವಕಾಶ ಕೈ ತಪ್ಪೋದು, ಮತ್ತೆ ಒಬ್ಬರು ನೋವಿಲ್ದೆ ಶಾಂತವಾಗಿ ತೀರಿಕೊಂಡ್ರು ಅಂತ ಹೇಳೋದಕ್ಕೂ "ಶೀ ಸ್ಲಿಪ್ಟ್ ಅವೇ ಇನ್ ಹರ್ ಸ್ಲೀಪ್" ಅಂತಾರೆ. ಈ ಕೊನೇ ಬಳಕೆ ಗೊತ್ತಿಲ್ದೆ ಇದ್ರೆ ಸಂತಾಪದ ಸಂದೇಶ ಓದಿ ಎಲ್ಲಿಗೆ ಹೋದ್ರು ಅಂತ ಕೇಳ್ಬಿಡೋ ಅಪಾಯ ಇದೆ, ಹುಷಾರು.

ಬೈ ಅಂದ್ರೆ ಕಾಲ ಗೊತ್ತಾಗ್ದೆ ಸರಿದುಹೋಗೋದು. ಥ್ರೂ ಅಂದ್ರೆ ಸಂದಿಲಿ ನುಸುಳೋದು, ಬೆರಳ ಸಂದಿಲಿ, ಬಲೆಯ ಸಂದಿಲಿ. ಸರ್ಕಾರಿ ಯೋಜನೆ ತಲುಪದೆ ಉಳಿದುಬಿಟ್ಟವ್ರ ಬಗ್ಗೆ ಬರೆಯೋವಾಗ "ಸ್ಲಿಪ್ಟ್ ಥ್ರೂ ದ ಕ್ರ್ಯಾಕ್ಸ್" ಅಂತ ಬರತ್ತೆ, ಬಿರುಕಲ್ಲಿ ಕಳೆದುಹೋದ್ರು, ಯಾರ ಲೆಕ್ಕಕ್ಕೂ ಸಿಗಲಿಲ್ಲ ಅನ್ನೋ ಭಾವ. ಅಪ್ ಮಾತ್ರ ಮೋಸ ಮಾಡತ್ತೆ, ಸ್ಲಿಪ್ ಅಪ್ ಅಂದ್ರೆ ಮೇಲಕ್ಕೆ ಜಾರೋದಲ್ಲ, ಅಜಾಗರೂಕತೆಯಿಂದ ತಪ್ಪು ಮಾಡೋದು. ನಾಮಪದವಾಗಿ ಬಳಸೋವಾಗ ಮಧ್ಯ ಒಂದು ಅಡ್ಡಗೆರೆ ಹಾಕಿ ಬರೀತಾರೆ.

ಹಂತ 5: ನುಡಿಗಟ್ಟುಗಳು, ಬಾಯಿ ಜಾರಿದ ಕಥೆ ಸಮೇತ

"ಸ್ಲಿಪ್ ಆಫ್ ದ ಟಂಗ್" ನಮ್ಮ ಬಾಯಿ ತಪ್ಪು. ಬರೆಯೋವಾಗ ಆದ್ರೆ "ಸ್ಲಿಪ್ ಆಫ್ ದ ಪೆನ್". ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ ಯಾಕಂದ್ರೆ ವಿಷಯ ಚೆನ್ನಾಗಿದೆ. ಮನೋವಿಶ್ಲೇಷಣೆ ಶುರು ಮಾಡಿದ ಸಿಗ್ಮಂಡ್ ಫ್ರಾಯ್ಡ್ 1901ರಲ್ಲಿ ಇಂಥ ಬಾಯಿ ತಪ್ಪು, ಕೈ ತಪ್ಪು, ಮರೆವುಗಳ ಬಗ್ಗೆನೇ ಬರೆದು ಇವು ಸುಮ್ನೆ ಆಗೋದಲ್ಲ, ಮನಸ್ಸಿನ ಒಳಗೆ ಅದುಮಿಟ್ಟ ಆಸೆ ಹೀಗೆ ಹೊರಗೆ ಬರತ್ತೆ ಅಂತ ವಾದ ಮಾಡಿದ್ರು. ಅಲ್ಲಿಂದ ‘ಫ್ರಾಯ್ಡಿಯನ್ ಸ್ಲಿಪ್’ ಅನ್ನೋ ಮಾತು ಹುಟ್ಕೊಂಡಿದ್ದು. ಹಾಗಾಗಿ ಇದನ್ನ ಎಲ್ಲಾ ಬಾಯಿ ತಪ್ಪಿಗೂ ಬಳಸ್ಬೇಡಿ, ಒಳಗಿದ್ದದ್ದು ಹೊರಗೆ ಬಂತು ಅನ್ನೋ ಸಂಶಯ ಇರೋ ಕಡೆ ಮಾತ್ರ ಬಳಸಿ.

ವಿಕ್ಟೋರಿಯಾ ಫ್ರಾಮ್ಕಿನ್ ಅನ್ನೋ ಭಾಷಾಶಾಸ್ತ್ರಜ್ಞೆ ಇದನ್ನ ಬೇರೆ ಕಡೆಯಿಂದ ನೋಡಿದ್ರು. ಜನ ಮಾತಾಡೋವಾಗ ಆಗೋ ತಪ್ಪುಗಳನ್ನ ರಾಶಿ ರಾಶಿ ಸಂಗ್ರಹಿಸಿ, ಆ ತಪ್ಪುಗಳಿಗೂ ಒಂದು ಕ್ರಮ ಇದೆ, ಅದನ್ನ ನೋಡಿದ್ರೆ ಮೆದುಳು ಮಾತನ್ನ ಹೇಗೆ ಜೋಡಿಸತ್ತೆ ಅಂತ ಗೊತ್ತಾಗತ್ತೆ ಅಂತ ತೋರಿಸಿದ್ರು. ಎರಡು ಪದಗಳ ಮೊದಲ ಅಕ್ಷರ ಅದಲು ಬದಲು ಆಗೋದು ಅಂಥ ಒಂದು ತಪ್ಪು. ಇದಕ್ಕೆ ಇಂಗ್ಲಿಷಲ್ಲಿ ಸ್ಪೂನರಿಸಂ ಅಂತಾರೆ, ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿನ ಮುಖ್ಯಸ್ಥರಾಗಿದ್ದ ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್ (1844-1930) ಹೆಸರಿಂದ ಬಂದಿದ್ದು. ಅವ್ರ ಹೆಸರಲ್ಲಿ ಓಡಾಡೋ ಉದಾಹರಣೆಗಳಲ್ಲಿ ಹೆಚ್ಚಿನವು ಬೇರೆಯವ್ರು ಕಟ್ಟಿದ್ದೇ. ಕನ್ನಡದಲ್ಲೂ ಆಗತ್ತೆ, "ಹಾಲು ಕಾಸು" ಅನ್ನೋಕೆ ಹೋಗಿ "ಕಾಲು ಹಾಸು" ಅಂದುಬಿಡೋದು.

"ಲೆಟ್ ಸ್ಲಿಪ್" ಎರಡು ಥರ ಬರತ್ತೆ. ಗುಟ್ಟಿನ ಜೊತೆ ಬಂದ್ರೆ ಬಾಯಿಬಿಟ್ಟ ಅಂತ, "ಹೀ ಲೆಟ್ ಸ್ಲಿಪ್ ದಟ್ ಹೀ ವಾಸ್ ಲೀವಿಂಗ್". ಅವಕಾಶದ ಜೊತೆ ಬಂದ್ರೆ ಕೈ ಚೆಲ್ಲಿದ ಅಂತ. "ಗಿವ್ ಸಮ್‌ಒನ್ ದ ಸ್ಲಿಪ್" ಅಂದ್ರೆ ಹಿಂದೆ ಬಿದ್ದವ್ರ ಕೈಗೆ ಸಿಗದೆ ನುಣುಚಿಕೊಳೋದು, ಇಲ್ಲಿ ಯಾರಿಗೂ ಯಾವ ಚೀಟೀನೂ ಕೊಡಲ್ಲ. ಚೀಟಿ ಕೊಟ್ರೆ "ಎ ಸ್ಲಿಪ್", ತಪ್ಪಿಸ್ಕೊಂಡ್ರೆ "ದ ಸ್ಲಿಪ್", ಇಷ್ಟು ಸಣ್ಣ ವ್ಯತ್ಯಾಸ.

"ದೇರ್ಸ್ ಮೆನಿ ಎ ಸ್ಲಿಪ್ ಟ್ವಿಕ್ಸ್ಟ್ ಕಪ್ ಅಂಡ್ ಲಿಪ್" ಅನ್ನೋ ಗಾದೆ ಕೇಳಿರ್ತೀರಿ. ಲೋಟ ಕೈಗೆ ಬಂದು ತುಟಿ ಮುಟ್ಟೋದ್ರೊಳಗೆ ಏನು ಬೇಕಾದ್ರೂ ಆಗಬಹುದು ಅಂತ. ನಮ್ಮಲ್ಲಿ "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ" ಅಂತೀವಲ್ಲ, ಹತ್ತಿರದ್ದೇ, ಆದ್ರೆ ನಮ್ದು ಆಗಿಹೋದ ನಷ್ಟಕ್ಕೆ ಹೇಳೋದು, ಅವ್ರದ್ದು ಆಗೋಕೆ ಮುಂಚೆ ಎಚ್ಚರಿಕೆಯಾಗಿ ಹೇಳೋದು. ಬಳಸೋವಾಗ ಈ ಸಮಯದ ವ್ಯತ್ಯಾಸ ನೋಡ್ಕೊಳಿ.

"ಸ್ಲಿಪ್ಪರಿ ಸ್ಲೋಪ್" ಚರ್ಚೆಗಳಲ್ಲಿ ಬರೋದು. ಇದೊಂದು ಒಪ್ಕೊಂಡ್ರೆ ಅದರ ಹಿಂದೆ ಇನ್ನೊಂದು, ಮತ್ತೊಂದು, ಕೊನೆಗೆ ಅನಾಹುತ ಅನ್ನೋ ವಾದ. ನಡುವಿನ ಒಂದೊಂದು ಹೆಜ್ಜೆಗೂ ಕಾರಣ ಕೊಡದೆ ಸೀದಾ ಅನಾಹುತಕ್ಕೆ ಹಾರಿದ್ರೆ ಅದನ್ನ ತರ್ಕದೋಷ ಅಂತ ಲೆಕ್ಕ ಹಾಕ್ತಾರೆ.

ಹಂತ 6: ನಾಮಪದವಾಗಿ ಸ್ಲಿಪ್

ಇದನ್ನ ಬೇಗ ಮುಗಿಸೋಣ. ಸಣ್ಣ ಕಾಗದದ ತುಂಡು ಸ್ಲಿಪ್, ಅದ್ರಿಂದ ಸಂಬಳದ ವಿವರ ಇರೋ ಪೇ ಸ್ಲಿಪ್, ಬ್ಯಾಂಕಲ್ಲಿ ದುಡ್ಡು ಕಟ್ಟೋ ಡೆಪಾಸಿಟ್ ಸ್ಲಿಪ್, ಪಾರ್ಸೆಲ್ ಒಳಗಿರೋ ಪ್ಯಾಕಿಂಗ್ ಸ್ಲಿಪ್. ಅಮೆರಿಕದಲ್ಲಿ ಪಿಂಕ್ ಸ್ಲಿಪ್ ಅಂದ್ರೆ ಕೆಲಸದಿಂದ ತೆಗೆದ ನೋಟಿಸ್. ನೆಡೋಕೆ ಅಂತ ಕತ್ತರಿಸಿದ ಗಿಡದ ತುಂಡೂ ಸ್ಲಿಪ್ಪೇ, ಗೆಣಸಿನ ಗೆಡ್ಡೆ ಮೇಲೆ ಬರೋ ಚಿಗುರನ್ನ ಮುರಿದು ನೆಡ್ತಾರಲ್ಲ ಅದಕ್ಕೆ ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳಲ್ಲಿ ಇದೇ ಪದ ಇರತ್ತೆ. ಇವೆಲ್ಲ ಕತ್ತರಿಸಿದ ಪಟ್ಟಿ ಅನ್ನೋ ಎರಡನೇ ಪದದ ಕುಟುಂಬ. ತೆಳ್ಳಗಿರೋ ಚಿಕ್ಕ ಹುಡುಗೀನ "ಎ ಸ್ಲಿಪ್ ಆಫ್ ಎ ಗರ್ಲ್" ಅನ್ನೋದೂ ಅದರದ್ದೇ, ಈಗ ಹಳೇ ಮಾತು ಅನ್ಸತ್ತೆ, ನೀವಾಗಿ ಬಳಸೋ ಅಗತ್ಯ ಇಲ್ಲ.

ಉಡುಪಿನ ಒಳಗೆ ಹಾಕೋ ತೆಳು ಬಟ್ಟೆ ಸ್ಲಿಪ್, ದಿಂಬಿನ ಕವರ್ ಪಿಲ್ಲೋ ಸ್ಲಿಪ್, ಎರಡೂ ಸರಕ್ಕನೆ ಹಾಕಿ ತೆಗೆಯೋವು, ಜಾರೋ ಕುಟುಂಬಕ್ಕೆ ಸೇರಿದ್ದು. ಹೆದ್ದಾರಿಯಿಂದ ಹೊರಗೆ ಹೋಗೋ ರಸ್ತೆಗೆ ಬ್ರಿಟನ್‌ನಲ್ಲಿ ಸ್ಲಿಪ್ ರೋಡ್, ಅಮೆರಿಕದವ್ರು ಅದನ್ನ ರ‍್ಯಾಂಪ್ ಅಂತಾರೆ. ದೋಣಿ ಹಡಗು ನೀರಿಗಿಳಿಸೋ ಇಳಿಜಾರು ಸ್ಲಿಪ್‌ವೇ. ಸ್ಲಿಪ್ಪರ್ ಅಂದ್ರೆ ನಮಗೆ ಚಪ್ಪಲಿ, ಇಂಗ್ಲೆಂಡ್ ಅಮೆರಿಕದವ್ರಿಗೆ ಅದು ಮನೆ ಒಳಗೆ ಹಾಕೋ ಮೆತ್ತನೆ ಪಾದರಕ್ಷೆ, ಹೊರಗೆ ಹಾಕ್ಕೊಂಡು ಹೋಗೋದಲ್ಲ.

ಹಂತ 7: ಕಸುಬು, ಆಟ, ವಿಜ್ಞಾನದಲ್ಲಿ ಸ್ಲಿಪ್

ಇಲ್ಲಿ ಪದ ಬರೀ ಭಾವನೆ ಆಗಿರಲ್ಲ, ಲೆಕ್ಕ ಆಗಿರತ್ತೆ. ನನಗಂತೂ ಈ ಭಾಗ ತುಂಬ ಇಷ್ಟ.

ಇಂಡಕ್ಷನ್ ಮೋಟರ್ ತಗೊಳಿ. 50 ಹರ್ಟ್ಸ್ ಕರೆಂಟಲ್ಲಿ ನಾಲ್ಕು ಪೋಲ್, ಅಂದ್ರೆ ನಾಲ್ಕು ಕಾಂತಧ್ರುವ ಇರೋ ಮೋಟರ್ ಒಳಗೆ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗತ್ತೆ. ಆದ್ರೆ ರೋಟರ್, ಅಂದ್ರೆ ಒಳಗೆ ತಿರುಗೋ ಭಾಗ, ಅಷ್ಟು ವೇಗ ಮುಟ್ಟಲ್ಲ, ಉದಾಹರಣೆಗೆ 1440 ತಿರುಗತ್ತೆ ಅಂದ್ಕೊಳಿ. ಹಿಂದೆ ಬಿದ್ದ 60 ಸುತ್ತನ್ನ 1500ರಿಂದ ಭಾಗಿಸಿದ್ರೆ 4 ಪರ್ಸೆಂಟ್, ಇದೇ ಸ್ಲಿಪ್. ಇದು ದೋಷ ಅಲ್ಲ. ಸ್ಲಿಪ್ ಸೊನ್ನೆ ಆದ್ರೆ ರೋಟರ್‌ಗೆ ಕಾಂತಕ್ಷೇತ್ರ ನಿಂತ ಹಾಗೆ ಕಾಣತ್ತೆ, ಅದರಲ್ಲಿ ಕರೆಂಟ್ ಹುಟ್ಟಲ್ಲ, ತಿರುಗಿಸೋ ಬಲಾನೇ ಬರಲ್ಲ. ಜಾರಿದ್ರೇನೇ ಕೆಲಸ ಮಾಡೋ ಯಂತ್ರ ಇದು.

ಗಾಡಿ ವಿಷಯದಲ್ಲಿ ಕ್ಲಚ್ ಸ್ಲಿಪ್ ಆಗ್ತಿದೆ ಅಂದ್ರೆ ಆಕ್ಸಿಲರೇಟರ್ ಕೊಟ್ರೆ ಇಂಜಿನ್ ಸದ್ದು ಏರತ್ತೆ, ಗಾಡಿ ಮಾತ್ರ ಅದಕ್ಕೆ ತಕ್ಕ ಹಾಗೆ ಮುಂದೆ ಹೋಗಲ್ಲ, ಪ್ಲೇಟ್‌ಗಳ ನಡುವೆ ಹಿಡಿತ ತಪ್ತಿದೆ ಅಂತ ಅರ್ಥ. ಬೆಲ್ಟ್ ಸ್ಲಿಪ್ ಕೂಡ ಇದೇ.

ವರ್ಕ್‌ಶಾಪಲ್ಲಿ ಸ್ಲಿಪ್ ಗೇಜ್ ಇರತ್ತೆ, ಅಳತೆ ಖಚಿತ ಮಾಡೋ ಉಕ್ಕಿನ ಚಿಕ್ಕ ಚಿಕ್ಕ ತುಂಡುಗಳು. 1896ರಲ್ಲಿ ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ ಕಂಡುಹಿಡಿದಿದ್ದು. ಮೇಲ್ಮೈ ಎಷ್ಟು ನುಣುಪು ಅಂದ್ರೆ ಒಂದರ ಮೇಲೊಂದು ಜಾರಿಸಿ ಒತ್ತಿದ್ರೆ ಅಂಟೇ ಇಲ್ದೆ ಅಂಟ್ಕೊಂಡು ನಿಲ್ಲತ್ತೆ, ಹಾಗೆ ಜೋಡಿಸಿ ಬೇಕಾದ ಅಳತೆ ಮಾಡ್ಕೊಳ್ತಾರೆ.

ಲೋಹ ಮುರಿಯದೆ ಯಾಕೆ ಬಾಗತ್ತೆ ಅನ್ನೋದಕ್ಕೂ ಉತ್ತರ ಸ್ಲಿಪ್. ಲೋಹದ ಒಳಗಿರೋ ಹರಳಿನಂಥ ಜೋಡಣೆಲಿ ಪರಮಾಣುಗಳ ಪದರ ಒಂದರ ಮೇಲೊಂದು ಸರಿಯತ್ತೆ. ಇಡೀ ಪದರ ಒಟ್ಟಿಗೆ ಸರಿಯೋದಿಲ್ಲ, ಜೋಡಣೆಲಿರೋ ಒಂದು ದೋಷ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸಾಗತ್ತೆ ಅಂತ 1934ರಲ್ಲಿ ಟೇಲರ್, ಓರೋವಾನ್, ಪೋಲಾನ್ಯಿ ಅನ್ನೋ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಹೇಳಿದ್ರು. ಭೂಮಿ ಮಟ್ಟದಲ್ಲಿ ನೋಡಿದ್ರೆ ಭೂಕಂಪಾನೂ ಸ್ಲಿಪ್ಪೇ. ಸ್ಟ್ರೈಕ್ ಸ್ಲಿಪ್ ಫಾಲ್ಟ್ ಅಂದ್ರೆ ಎರಡು ಕಡೆಯ ಬಂಡೆ ಅಕ್ಕಪಕ್ಕ ಉಜ್ಕೊಂಡು ಸರಿಯೋ ಬಿರುಕು, ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಇದಕ್ಕೆ ದೊಡ್ಡ ಉದಾಹರಣೆ, 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದಲ್ಲಿ ಕೆಲವು ಕಡೆ ನೆಲ ಸುಮಾರು 6 ಮೀಟರ್ ಪಕ್ಕಕ್ಕೆ ಸರಿದಿತ್ತು.

ವಿಮಾನ ಹಾರಿಸೋರಿಗೆ ಸ್ಲಿಪ್ ಒಂದು ಕೌಶಲ. ಮೂತಿಯನ್ನ ಬೇಕಂತಲೇ ಓರೆ ಮಾಡಿ, ರೆಕ್ಕೆ ಒಂದು ಕಡೆ ಬಗ್ಗಿಸಿ ಗಾಳಿಗೆ ಮೈಯೊಡ್ಡಿದ್ರೆ ವೇಗ ಹೆಚ್ಚಾಗದೆ ಎತ್ತರ ಬೇಗ ಇಳಿಯತ್ತೆ. 1983ರ ಜುಲೈ 23ರಂದು ಕೆನಡಾದಲ್ಲಿ ಬೋಯಿಂಗ್ 767 ಒಂದರ ಇಂಧನ ಆಕಾಶದಲ್ಲೇ ಖಾಲಿ ಆಯ್ತು, ಗ್ಲೈಡರ್ (ಇಂಜಿನ್ ಇಲ್ದೆ ತೇಲೋ ವಿಮಾನ) ಹಾರಿಸಿ ಅನುಭವ ಇದ್ದ ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಅಷ್ಟು ದೊಡ್ಡ ವಿಮಾನಾನ ಸ್ಲಿಪ್ ಮಾಡಿಸಿ ಗಿಮ್ಲಿ ಅನ್ನೋ ಊರಿನ ಹಳೇ ರನ್‌ವೇ ಮೇಲೆ ಇಳಿಸಿದ್ರು, ಒಳಗಿದ್ದವ್ರೆಲ್ಲ ಬದುಕಿದ್ರು.

ಕ್ರಿಕೆಟ್ ಬಗ್ಗೆ ಹೆಚ್ಚು ಹೇಳ್ಬೇಕಾಗಿಲ್ಲ, ವಿಕೆಟ್ ಕೀಪರ್ ಪಕ್ಕ ಆಫ್ ಸೈಡಲ್ಲಿ ನಿಲ್ಲೋ ಜಾಗ, ಕೀಪರ್‌ಗೆ ಹತ್ತಿರ ಇರೋನು ಫಸ್ಟ್ ಸ್ಲಿಪ್, ಆಮೇಲೆ ಸೆಕೆಂಡ್, ಥರ್ಡ್, ಆಚೆ ಗಲ್ಲಿ. ರಾಹುಲ್ ದ್ರಾವಿಡ್ ಟೆಸ್ಟಲ್ಲಿ ಹಿಡಿದ 210 ಕ್ಯಾಚಲ್ಲಿ ಬಹುಪಾಲು ಬಂದಿದ್ದು ಇಲ್ಲಿಂದಾನೇ. ಒಬ್ಬ ಫೀಲ್ಡರ್ ಬಗ್ಗೆ ಹೇಳೋವಾಗ "ಅಟ್ ಸ್ಲಿಪ್", ಇಡೀ ಗುಂಪಿನ ಬಗ್ಗೆ ಆದ್ರೆ "ಇನ್ ದ ಸ್ಲಿಪ್ಸ್".

ಇನ್ನು ಸ್ಲಿಪ್ ಡಿಸ್ಕ್. ಇಂಗ್ಲಿಷಲ್ಲಿ ಸರಿಯಾದ ರೂಪ ಸ್ಲಿಪ್ಟ್ ಡಿಸ್ಕ್, ಆದ್ರೆ ಹೆಸರೇ ದಾರಿ ತಪ್ಪಿಸತ್ತೆ, ಯಾಕಂದ್ರೆ ಅಲ್ಲಿ ಡಿಸ್ಕ್ ಜಾಗ ಬಿಟ್ಟು ಜಾರಿರಲ್ಲ. ಬೆನ್ನುಮೂಳೆಗಳ ನಡುವಿನ ಮೆತ್ತೆಯ ಹೊರಪದರ ಬಿರಿದು ಒಳಗಿನ ಮೆತ್ತನೆ ಭಾಗ ಹೊರಗೆ ಉಬ್ಬಿ ನರ ಒತ್ತತ್ತೆ. ಡಾಕ್ಟ್ರು ಬರೆಯೋದು ಹರ್ನಿಯೇಟೆಡ್ ಡಿಸ್ಕ್ ಅಂತ. ಜಾರಿದ್ದನ್ನ ತಳ್ಳಿ ಸರಿ ಮಾಡಿಸ್ತೀವಿ ಅಂತ ಯಾರ್ಯಾರ ಕೈಗೋ ಬೆನ್ನು ಕೊಡೋರು ಇದ್ದಾರೆ, ಅವ್ರಿಗೆ ಇದನ್ನ ತಿಳಿಸಿ ಹೇಳಿ.

ಹಂತ 8: ಅಕ್ಕಪಕ್ಕದ ಪದಗಳಿಂದ ಬೇರೆ ಮಾಡಿ

ಸ್ಲೈಡ್ ಅಂದ್ರೆ ಮೇಲ್ಮೈಗೆ ತಾಗಿಕೊಂಡೇ ಸ್ವಲ್ಪ ದೂರ ಸರಿಯೋದು, ಮಕ್ಕಳು ಜಾರುಬಂಡೆಲಿ ಮಾಡೋದು. ಬೇಕಂತ ಮಾಡಬಹುದು, ಸಮಯ ಹಿಡಿಯತ್ತೆ. ಸ್ಲಿಪ್ ಒಂದು ಕ್ಷಣದ್ದು. ಬೆಟ್ಟದಿಂದ ಬಿದ್ದ ಅಂದ್ರೆ ಮೊದ್ಲು ಸ್ಲಿಪ್, ಆಮೇಲೆ ಕೆಳಗಿನವರೆಗೆ ಸ್ಲೈಡ್. ಸ್ಲೈಡ್‌ನ ಭೂತಕಾಲ ಸ್ಲಿಡ್, ಸ್ಲೈಡೆಡ್ ಅಲ್ಲ. ಸ್ಕಿಡ್ ಮುಖ್ಯವಾಗಿ ಗಾಡಿಗೆ, ಟೈರ್ ಹಿಡಿತ ಬಿಟ್ಟು ಎತ್ತಲಾಗೋ ಎಳ್ಕೊಂಡು ಹೋಗೋದು. ಟ್ರಿಪ್ ಅಂದ್ರೆ ಎಡವೋದು, ಕಾಲಿಗೆ ಏನೋ ಅಡ್ಡ ಸಿಕ್ಕಿ. ಸ್ಲಿಪ್‌ನಲ್ಲಿ ಅಡ್ಡ ಏನೂ ಇರಲ್ಲ, ಇರ್ಬೇಕಾದ ಘರ್ಷಣೆ ಇಲ್ದೇ ಇರೋದೇ ಸಮಸ್ಯೆ. ಇನ್ಶೂರೆನ್ಸ್ ಫಾರ್ಮ್ ಅಥವಾ ಅಪಘಾತದ ವರದಿ ತುಂಬೋವಾಗ ಈ ವ್ಯತ್ಯಾಸ ನಿಜವಾಗ್ಲೂ ಮುಖ್ಯ, ಸ್ಲಿಪ್ ಅಂದ್ರೆ ನೆಲ ಒದ್ದೆ ಇತ್ತಾ ಅಂತ ಕೇಳ್ತಾರೆ, ಟ್ರಿಪ್ ಅಂದ್ರೆ ದಾರಿಲಿ ಏನು ಬಿದ್ದಿತ್ತು ಅಂತ ಕೇಳ್ತಾರೆ.

ಶೇರು ಮಾರ್ಕೆಟ್ ಸುದ್ದಿಲಿ ಸ್ಲಿಪ್ಟ್ ಅಂದ್ರೆ ಸ್ವಲ್ಪ ಇಳೀತು. ಫೆಲ್ ಅಂದ್ರೆ ಇಳೀತು. ಪ್ಲಂಜ್ಡ್ ಅಂದ್ರೆ ದೊಪ್ ಅಂತ ಬಿತ್ತು. ಹೆಡ್‌ಲೈನ್ ಓದೋವಾಗ ಈ ಕ್ರಿಯಾಪದ ನೋಡಿದ್ರೇ ಎಷ್ಟು ಗಾಬರಿ ಆಗ್ಬೇಕು ಅಂತ ಗೊತ್ತಾಗತ್ತೆ.

ಹಂತ 9: ಅಭ್ಯಾಸ

ಕನ್ನಡದಿಂದ ಶುರು ಮಾಡಿ, ಇಂಗ್ಲಿಷಿಂದ ಅಲ್ಲ. ದಿನದಲ್ಲಿ ನೀವೇ ಆಡೋ ಮಾತಲ್ಲಿ ಜಾರು, ನುಸುಳು, ಬಾಯಿ ತಪ್ಪು, ಕೈ ತಪ್ಪು, ಮರ್ತೋಯ್ತು ಬಂದಾಗ ಒಂದು ಕ್ಷಣ ನಿಂತು ಅದನ್ನ ಸ್ಲಿಪ್ ಹಾಕಿ ಹೇಳಿ ನೋಡಿ. ಹೇಳೋಕೆ ಮುಂಚೆ ಎರಡು ಪ್ರಶ್ನೆ: ಜಾರಿದ್ದು ಯಾರು ಅಥವಾ ಯಾವುದು? ತಾನಾಗೇ ಆಯ್ತಾ ಅಥವಾ ಬೇಕಂತ ಮಾಡಿದ್ದಾ? ಆಮೇಲೆ ಪುಟ್ಟ ಪದ ಆರಿಸಿ. ಕೆಳಗಿರೋದನ್ನ ಈಗ್ಲೇ ಮಾಡಿ ನೋಡಿ.

ಸಭೆ ಮಧ್ಯ ಅವ್ರು ಸದ್ದಿಲ್ದೆ ಎದ್ದು ಹೋದ್ರು.
ನಿಮಗೆ ಫೋನ್ ಮಾಡೋದು ಮರ್ತೇ ಹೋಯ್ತು.
ಸೋಪು ಕೈಯಿಂದ ಜಾರಿ ಬಿತ್ತು.
ಅಜ್ಜಿ ಮೊಮ್ಮಗನ ಜೇಬಿಗೆ ಮೆಲ್ಲಗೆ ದುಡ್ಡು ಹಾಕಿದ್ರು.
ಅವನು ಪೊಲೀಸ್ರ ಕೈಗೆ ಸಿಗದೆ ನುಣುಚಿಕೊಂಡ.

ಉತ್ತರ ಇದೇ ಕ್ರಮದಲ್ಲಿ: "ದೇ ಸ್ಲಿಪ್ಟ್ ಔಟ್ ಆಫ್ ದ ಮೀಟಿಂಗ್", "ಇಟ್ ಸ್ಲಿಪ್ಟ್ ಮೈ ಮೈಂಡ್ ಟು ಕಾಲ್ ಯೂ", "ದ ಸೋಪ್ ಸ್ಲಿಪ್ಟ್ ಫ್ರಮ್ ಮೈ ಹ್ಯಾಂಡ್", "ಗ್ರ್ಯಾಂಡ್‌ಮಾ ಸ್ಲಿಪ್ಟ್ ಸಮ್ ಮನಿ ಇನ್‌ಟು ಹಿಸ್ ಪಾಕೆಟ್", "ಹೀ ಗೇವ್ ದ ಪೊಲೀಸ್ ದ ಸ್ಲಿಪ್". ಮೂರನೇದ್ರಲ್ಲಿ ‘ಐ’ ಇಂದ ಶುರು ಮಾಡಿದ್ರೆ ಹಂತ 3ನ್ನ ಮತ್ತೊಮ್ಮೆ ಓದಿ. ನಾಲ್ಕನೇದ್ರಲ್ಲಿ ಗೇವ್ ಅಂತ ಹಾಕಿದ್ರೆ ವ್ಯಾಕರಣ ತಪ್ಪಲ್ಲ, ಆದ್ರೆ ಅಪ್ಪ ಅಮ್ಮನಿಗೆ ಗೊತ್ತಾಗದ ಹಾಗೆ ಅಜ್ಜಿ ಕೊಟ್ಟಿದ್ದು ವಾಕ್ಯದಲ್ಲಿ ಕಾಣಲ್ಲ.